ಮುಳ್ಳು ಹನ್ನೆರಡಕ್ಕೆ ಇಳಿದಾಗ

ಹೋದ ತಿಂಗಳು ಈ ಅಂಕಣದಲ್ಲಿ ತೋಟದ ನೀರಿನ ಪಂಪಿನ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ಯಲ್ಲಾಪುರ ತಾಲೂಕಿನ ಗೃಹಸ್ಥರೊಬ್ಬರು ಒಂದು ಪತ್ರವನ್ನು ಬರೆದಿರುವರು. ಅವರು ತಮ್ಮ ಹಳೆಯ ಮೋಟಾರಿನ ಎಂಜಿನನ್ನು ಪೂರ್ತಿಯಾಗಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದ್ದಾರಂತೆ. ಎಣ್ಣೆಯ ಒತ್ತಡವನ್ನು ತೋರಿಸುವ ಮೀಟರಿನ ಮುಳ್ಳು ಬೆಳಗಿನಲ್ಲಿ ಅರುವತ್ತರ ಮೇಲೆ ನಿಲ್ಲುತ್ತದೆ. ಒಂದು ತಾಸು ಓಡಿಸಿ ಬಂದು ಅಂಗಳದಲ್ಲಿ ನಿಲ್ಲಿಸಿದರೆ ಇಪ್ಪತ್ತಕ್ಕೂ ಕೆಳಗೆ ಬೀಳುತ್ತದೆ. "ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು? ಕೊಟ್ಟ ಹಣವು ಹೊಳೆಯ ಪಾಲಾಯಿತೆ?" ಎಂಬುದು ಅವರ ಪ್ರಶ್ನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಸಂಸ್ಕೃತದ ಮಾಸ್ತರನಿಗೆ ಇಂಥ ಪ್ರಶ್ನೆಯೇ ಎಂದು ಕೆಲವರು ನಗಬಹುದು. ಆದರೆ ಈ ವಿಷಯದಲ್ಲಿ ನಾನು ಶುಲ್ಕ ಕೊಟ್ಟು ಕಲಿತವನು. ಅದೂ ಎರಡು ಸಲ.

ನಮ್ಮ ಅಣ್ಣನವರು 1986ರಲ್ಲಿ ಒಂದು ಅಂಬಾಸಡರ್ ಗಾಡಿಯನ್ನು ಕೊಂಡಿದ್ದರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಅಚ್ಚಿನಲ್ಲಿಯೇ ಎರಕವಾದ ಈ ಗಾಡಿಯು ಕಲ್ಕತ್ತೆಯ ಹತ್ತಿರದ ಉತ್ತರಪಾಡಾದ ಹಿಂದುಸ್ಥಾನ್ ಮೋಟರ್ಸ್ ಕಾರ್ಖಾನೆಯಲ್ಲಿ 2014ರ ವರೆಗೂ ತಯಾರಾಗುತ್ತಿದ್ದಿತು. ನಮ್ಮದು 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನಿನದು. ಸೋಂದೆಯ ಸುತ್ತಿನ ನಮ್ಮ ನಾಲ್ಕಾರು ಮನೆಗಳಲ್ಲಿ ಆಗ ಇನ್ನೊಂದು ಮೋಟಾರು ಇರಲಿಲ್ಲವಾದುದರಿಂದ ಮುಂಜಿಗೆ, ಮದುವೆಗೆ, ನಡುರಾತ್ರಿಯಲ್ಲಿ ಶಿರಸಿಯ ಆಸ್ಪತ್ರೆಗೆ, ಎಲ್ಲದಕ್ಕೂ ಅದೇ. ಹದಿಮೂರು ವರ್ಷ ಹೀಗೆ ದುಡಿದ ಮೇಲೆ, 1999ರಲ್ಲಿ, ಅಣ್ಣನವರು ಎಂಜಿನನ್ನು ಬಿಚ್ಚಿಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಬೇರಿಂಗುಗಳನ್ನು ಹಾಕಿಸಿದರು. ನಮ್ಮ ಗಾಡಿಯಲ್ಲಿ ಒತ್ತಡದ ಮೀಟರಿರಲಿಲ್ಲ. ಕೆಂಪು ದೀಪವೊಂದೇ ಇದ್ದಿತು. ಮನೆಗೆ ತಂದ ನಾಲ್ಕನೆಯ ದಿನದಿಂದಲೇ, ಎಂಜಿನು ಚೆನ್ನಾಗಿ ಬಿಸಿಯಾಗಿ ನಿಂತಲ್ಲಿ ಮೆಲ್ಲನೆ ಓಡುತ್ತಿರುವಾಗ, ಆ ದೀಪವು ಮಿಣುಕತೊಡಗಿತು. ಕೆಲಸ ಮಾಡಿದಾತನಿಗೆ ತೋರಿಸಲಾಗಿ, ಆತನು ನಕ್ಕು, ಇನ್ನೂ ಮಂದವಾದ ಎಣ್ಣೆಯನ್ನು ಹಾಕಿಕೊಟ್ಟನು. ದೀಪವು ಆರಿತು. ನಾವೆಲ್ಲರೂ ಸಂತೋಷಪಟ್ಟೆವು. ಅಣ್ಣನವರಿಗೆ ಮಾತ್ರ ಸಮಾಧಾನವಿರಲಿಲ್ಲ. "ದೀಪ ಆರಿತೆಂದರೆ ಸಾಕೇ ಅಣ್ಣ, ಇನ್ನೇನು ಬೇಕು?" ಎಂದು ನಾನೇ ಅವರ ಬಾಯಿಯನ್ನು ಮುಚ್ಚಿಸಿದೆನು. ಮೂರು ವಾರವೂ ಕಳೆದಿರಲಿಲ್ಲ. ಕುಮಟೆಯಿಂದ ಹಿಂದಿರುಗುವಾಗ ದೇವಿಮನೆ ಘಟ್ಟದ ಏರಿನಲ್ಲಿ ಯಾರೋ ಒಳಗಿನಿಂದ ಸುತ್ತಿಗೆಯಿಂದ ಬಡಿದಂತೆ ಶಬ್ದವಾಗಿ ಗಾಡಿ ನಿಂತಿತು. ಬಿಚ್ಚಿ ನೋಡಿದಾಗ ತಿಳಿದುದೇನೆಂದರೆ, ಸವೆದು ಅಂಡಾಕಾರವಾಗಿದ್ದ ಕ್ರ್ಯಾಂಕ್ ಶಾಫ್ಟನ್ನು ಅಳೆಯದೆಯೇ ಅದರ ಮೇಲೆ ಹೊಸ ಬೇರಿಂಗನ್ನು ಕೂರಿಸಿದ್ದರು. ದೀಪವು ನಿಜವನ್ನೇ ಹೇಳುತ್ತಿದ್ದಿತು. ಮಂದವಾದ ಎಣ್ಣೆಯು ಅದರ ಬಾಯಿಗೆ ಬಟ್ಟೆ ತುರುಕಿತ್ತು. ಆ ಸಲದ ಅಡಿಕೆಯ ಹಣದ ಅರ್ಧವು ಹಾಗೆ ಹೋಯಿತು.

ಈ ಒತ್ತಡವೆಂಬುದು ಏನು? ಎಂಜಿನಿನ ಅಡಿಯಲ್ಲಿ, ಮೇಸ್ತ್ರಿಗಳು ಚೇಂಬರೆನ್ನುವ ತೊಟ್ಟಿಯಲ್ಲಿ ಎಣ್ಣೆಯಿರುತ್ತದೆ. ಎಂಜಿನು ತಿರುಗಿದಂತೆ ತಾನೂ ತಿರುಗುವ ಸಣ್ಣ ಪಂಪೊಂದು ಅದನ್ನು ಹೀರಿ, ಸೋಸುವ ಫಿಲ್ಟರಿನ ಮೂಲಕ, ಕಬ್ಬಿಣದೊಳಗೆ ಕೊರೆದ ಕಾಲುವೆಗಳಿಗೆ ತಳ್ಳುತ್ತದೆ. ಅಲ್ಲಿಂದ ಎಣ್ಣೆಯು ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದಿನಲ್ಲಿ ಹಾದು ಮತ್ತೆ ತೊಟ್ಟಿಗೆ ಸುರಿಯುತ್ತದೆ. ಆ ಸಂದು ಎಷ್ಟು? ಶಾಫ್ಟಿನ ದಪ್ಪ ಒಂದು ಅಂಗುಲವಿದ್ದರೆ ಸುಮಾರಾಗಿ ಅಂಗುಲದ ಸಾವಿರದ ಒಂದು ಪಾಲು. ಎರಡಂಗುಲವಿದ್ದರೆ ಎರಡು ಪಾಲು. ತಲೆಗೂದಲಿಗಿಂತಲೂ ತೆಳುವಾದುದು. ಪಂಪು ಒತ್ತಡವನ್ನು ಉಂಟುಮಾಡುವುದೆಂದು ನಾವೆಲ್ಲರೂ ತಿಳಿದಿರುತ್ತೇವೆ. ನಿಜವಾಗಿ ಪಂಪು ಹುಟ್ಟಿಸುವುದು ಹರಿವನ್ನು. ಆ ಹರಿವಿಗೆ ಎದುರಾದ ತಡೆಯೇ ಒತ್ತಡ. ಅಡಿಕೆತೋಟಕ್ಕೆ ತುಂತುರು ನೀರಾವರಿಯನ್ನು ಮಾಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಪೈಪು ಒಡೆದರೆ ಪಂಪಿನ ಮೀಟರಿನ ಮುಳ್ಳು ಬೀಳುತ್ತದೆ. ಕಸ ಸಿಕ್ಕಿ ಕೆಳತೋಟದ ಕೊಳವೆ ಕಟ್ಟಿಕೊಂಡರೆ ಮುಳ್ಳು ಏರುತ್ತದೆ. ಏರಿದ ಮುಳ್ಳನ್ನು ಕಂಡು "ನೀರು ಭರ್ಜರಿಯಾಗಿದೆ" ಎಂದು ಮನೆಯಲ್ಲಿ ಕುಳಿತವನ ಕೆಳತೋಟವು ಒಣಗಿಯೇ ಹೋಗುವುದು.

ತರ್ಕಶಾಸ್ತ್ರದಲ್ಲಿ ಇಂಥದಕ್ಕೆ ಸವ್ಯಭಿಚಾರ ಹೇತುವೆಂದು ಹೆಸರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಏಕೆಂದರೆ ಬೆಂಕಿಯಿಲ್ಲದೆ ಹೊಗೆಯಿಲ್ಲ. ಹೆಚ್ಚಿನ ಒತ್ತಡದಿಂದ ಆರೋಗ್ಯವನ್ನು ಹಾಗೆ ಊಹಿಸಲಾಗದು. ಆರೋಗ್ಯವಿದ್ದಲ್ಲಿಯೂ ಅದು ಇರಬಹುದು, ಕಾಲುವೆ ಕಟ್ಟಿದಲ್ಲಿಯೂ ಇರಬಹುದು, ಎಣ್ಣೆ ಅತಿ ಮಂದವಾದಲ್ಲಿಯೂ ಇರಬಹುದು.

ಈ ಸಂದರ್ಭದಲ್ಲಿ ಒಂದು ಹಳೆಯ ಕಥೆಯನ್ನು ಹೇಳದೆ ಮುಂದುವರಿಯಲಾರೆನು. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಯಂತ್ರವಿದನು, ಅಲ್ಲಿಯ ಯಂತ್ರಶಿಲ್ಪಿಗಳ ಸಂಸ್ಥೆಗಾಗಿ, ರೈಲುಗಾಡಿಯ ಅಚ್ಚುಗಳ ತಿಕ್ಕಾಟವನ್ನು ಪರೀಕ್ಷಿಸುತ್ತಿದ್ದನು. ಕೆಳಗೆ ಎಣ್ಣೆಯ ತೊಟ್ಟಿಯಲ್ಲಿ ಅದ್ದಿ ತಿರುಗುವ ಅಚ್ಚು. ಮೇಲೆ ಭಾರವನ್ನು ಹೊತ್ತ ಹಿತ್ತಾಳೆಯ ಬೇರಿಂಗು. ಎಣ್ಣೆಯನ್ನು ಮೇಲಿನಿಂದಲೂ ಬಿಡೋಣವೆಂದು ಆತನು ಬೇರಿಂಗಿನ ನೆತ್ತಿಗೆ ಒಂದು ತೂತನ್ನು ಕೊರೆದನು. ವಿಚಿತ್ರವೇನೆಂದರೆ, ಯಂತ್ರವು ತಿರುಗತೊಡಗಿದೊಡನೆ ಎಣ್ಣೆಯು ಆ ತೂತಿನಿಂದ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಬಿರಡೆಯನ್ನು ಹಾಕಿದನು, ಅದು ಹೊರಬಂದಿತು. ಮರದ ಬೆಣೆಯನ್ನು ಹೊಡೆದನು; ಅದೂ ಮೆಲ್ಲಗೆ ಹೊರಬಂದಿತು. ಕಡೆಗೆ ಅಲ್ಲಿ ಒತ್ತಡದ ಮೀಟರನ್ನೇ ಜೋಡಿಸಲಾಗಿ, ಬೇರಿಂಗಿನ ಮೇಲಿನ ಸರಾಸರಿ ಭಾರವು ಚದರಂಗುಲಕ್ಕೆ 100 ಪೌಂಡಿದ್ದರೂ ಮುಳ್ಳು 200ನ್ನು ದಾಟಿಹೋಯಿತು. ಅಲ್ಲಿ ಎಣ್ಣೆಯನ್ನು ತಳ್ಳುವ ಪಂಪೇ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿನೊಳಕ್ಕೆ ಎಳೆದುಕೊಂಡು, ಅದರ ತೆಳು ಪದರದ ಮೇಲೆ ತೇಲುತ್ತಿದ್ದಿತು. ಮ್ಯಾಂಚೆಸ್ಟರಿನ ಪ್ರೊಫೆಸರ್ ಓಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಈ ಸಂಗತಿಗೆ ಗಣಿತದ ಆಧಾರವನ್ನು ಕೊಟ್ಟನು. ನಮ್ಮ ಮೋಟಾರಿನಲ್ಲಿಯೂ ನಡೆಯುವುದು ಇದೇ. ಪಂಪು ಎಣ್ಣೆಯನ್ನು ಬಾಗಿಲ ವರೆಗೆ ತಂದೊಪ್ಪಿಸುವ ಆಳು. ಭಾರ ಹೊರುವುದು ಶಾಫ್ಟು ತಾನಾಗಿ ಕಟ್ಟಿಕೊಂಡ ಪದರ. ಬಾಗಿಲಲ್ಲಿ ಎಣ್ಣೆ ತಪ್ಪದೆ ಸಿಕ್ಕಬೇಕು, ಅಷ್ಟೆ. ಮೀಟರು ತೋರಿಸುವುದು ಆ ಬಾಗಿಲಿನ ಸುದ್ದಿಯನ್ನು ಮಾತ್ರ.

ಚರಕಸಂಹಿತೆಯಲ್ಲಿ ಅಭ್ಯಂಗದ ಗುಣವನ್ನು ಹೇಳುವಾಗ ಗಾಡಿಯ ಅಚ್ಚನ್ನೇ ದೃಷ್ಟಾಂತವಾಗಿ ಕೊಟ್ಟಿದೆ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ಸ್ನೇಹವೆಂಬುದೊಂದೇ ಶಬ್ದವೆಂಬುದನ್ನು ನಾನು ಹೇಳಹೊರಟರೆ ಈ ಪುಟವು ಸಾಲದು, ಇರಲಿ.

ಅಣ್ಣನವರು ತೀರಿಕೊಂಡ ಮೇಲೆ ಗಾಡಿಯು ಅಡಿಕೆಯ ಕೊಟ್ಟಿಗೆಯ ಪಕ್ಕದಲ್ಲಿ ತಾಡಪಾಲಿನಡಿ ಬಹುಕಾಲ ನಿಂತಿದ್ದಿತು. ಮಾರುವ ಮಾತು ಬಂದಾಗಲೆಲ್ಲ ಅತ್ತಿಗೆಯವರು ಎದ್ದು ಒಳಗೆ ಹೋಗುವರು. ಕಡೆಗೆ ಅಣ್ಣನ ಮಗನೇ, ತಾಯಿಯ ಮನಸ್ಸನ್ನು ತಿಳಿದು, ಎಪ್ಪತ್ತು ಸಾವಿರ ರೂಪಾಯಿಗಳನ್ನು ಖರ್ಚುಮಾಡಿ ಎಂಜಿನನ್ನು ಎರಡನೆಯ ಸಲ ಕಟ್ಟಿಸಿದನು. ಕುಮಟೆಯ ಕಡೆಯ ತವರಿನಲ್ಲಿ ಮೊಮ್ಮಗಳ ವರಸೆಯ ಹುಡುಗಿಯೊಬ್ಬಳ ಮದುವೆ. ಅದಕ್ಕೆ ಅದೇ ಗಾಡಿಯಲ್ಲಿ ಹೋಗಬೇಕೆಂಬುದು ಅತ್ತಿಗೆಯವರ ಆಸೆ. ಈ ಸಲ ನಾನು ಬಾಯಿ ಮುಚ್ಚಿ ಕುಳಿತಿರಲಿಲ್ಲ. ಶಾಫ್ಟನ್ನು ಅಳೆಸಿ, ಸಾಣೆ ಹಿಡಿಸಿ, ಅದಕ್ಕೆ ತಕ್ಕ ಬೇರಿಂಗನ್ನೇ ಹಾಕಿಸಿದೆವು. ಸಂದಿನ ವಿಷಯದಲ್ಲಿ ಇಷ್ಟು ಹಟವೇಕೆಂದರೆ, ಅದರ ಲೆಕ್ಕವು ಘನದ ಲೆಕ್ಕ: ಸಂದು ಎರಡರಷ್ಟಾದರೆ ಅದೇ ಒತ್ತಡಕ್ಕೆ ಸೋರುವ ಎಣ್ಣೆಯು ಎಂಟರಷ್ಟು, ಮೂರರಷ್ಟಾದರೆ ಇಪ್ಪತ್ತೇಳರಷ್ಟು. 1999ರಲ್ಲಿ ನಮ್ಮ ದೀಪವು ಮಿಣುಕಿದ್ದು ಇದರಿಂದಲೇ.

ಹೊಸ ಎಂಜಿನನ್ನು ಮೊದಲ ಸಲ ಹೊತ್ತಿಸುವುದಕ್ಕೆ ಮುನ್ನ ಮಾಡತಕ್ಕ ಒಂದು ಸಂಸ್ಕಾರವುಂಟು. ಒಣಗಿದ ಪಂಪು ಎಣ್ಣೆಯನ್ನು ಹೀರಲಾರದು. ಅದಕ್ಕೂ ಫಿಲ್ಟರಿಗೂ ಮೊದಲೇ ಎಣ್ಣೆ ತುಂಬಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಮುಳ್ಳು ಅಲುಗುವ ವರೆಗೂ ಸ್ಟಾರ್ಟರಿನಿಂದ ತುಸುತುಸುವಾಗಿ ತಿರುಗಿಸಬೇಕು. ಆಮೇಲೆ ಹೊತ್ತಿಸಬೇಕು. ಹತ್ತು ಹದಿನೈದು ಸೆಕೆಂಡುಗಳೊಳಗೆ ಮುಳ್ಳು ಏಳದಿದ್ದರೆ ಕೂಡಲೇ ನಿಲ್ಲಿಸಬೇಕು. ಕೆಂಪು ದೀಪವನ್ನು ನಂಬಿ ಕೂಡ್ರುವಂತಿಲ್ಲ. ಅದು ಸಾಮಾನ್ಯವಾಗಿ ಐದರಿಂದ ಹತ್ತು ಪೌಂಡಿನೊಳಗೆ ಒತ್ತಡ ಇಳಿದ ಮೇಲೆಯೇ ಹೊತ್ತಿಕೊಳ್ಳುವಂಥದು. ಆದುದರಿಂದ ದೀಪದ ಸ್ವಿಚ್ಚನ್ನು ತೆಗೆಯಿಸಿ ಆ ಜಾಗಕ್ಕೆ ಸಣ್ಣ ನಳಿಗೆಯ, ವಿದ್ಯುತ್ತಿನ ಸಹಾಯವಿಲ್ಲದ ಮೀಟರನ್ನು ಹಾಕಿಸಿದೆವು. ವಿದ್ಯುತ್ತಿನ ಮೀಟರುಗಳು ಸುಳ್ಳುಹೇಳುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ.

ಅತ್ತಿಗೆಯವರು ಅಡಿಕೆಯ ಕೂಲಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನವೂ ಮೂರು ಅಂಕಿಗಳನ್ನು ಬರೆಯುವುದೆಂದು ಗೊತ್ತಾಯಿತು. ಒಂದು, ಮುಂಜಾನೆ ತಣ್ಣಗಿರುವಾಗ. ಎರಡು, ಅರ್ಧ ತಾಸು ಓಡಿ ಬಿಸಿಯಾದ ಮೇಲೆ ದಾರಿಯಲ್ಲಿ ಓಡುತ್ತಿರುವಾಗ. ಮೂರು, ಹಾಗೆಯೇ ಬಿಸಿಯಲ್ಲಿ ಅಂಗಳದಲ್ಲಿ ನಿಂತಿರುವಾಗ. ಮೊದಲ ದಿನದ ಅಂಕಿಗಳು 62, 46, 18.

ಪತ್ರ ಬರೆದ ಮಹಾಶಯರಿಗೆ ಇಲ್ಲಿಯೇ ಉತ್ತರವಿದೆ. ಅವರ ಎರಡು ಅಂಕಿಗಳೂ ನಿಜ. ಮಾಘದ ಚಳಿಯಲ್ಲಿ ಎಣ್ಣೆಯು ಬೆಲ್ಲದ ಪಾಕದಂತಿರುತ್ತದೆ. ಪೇಟೆಯಲ್ಲಿ 20ಡಬ್ಲ್ಯು-50 ಎಂದು ಸಿಗುವ ಎಣ್ಣೆಯು 40 ಡಿಗ್ರಿ ಶಾಖದಲ್ಲಿರುವುದಕ್ಕಿಂತ 100 ಡಿಗ್ರಿಯಲ್ಲಿ ಎಂಟೊಂಬತ್ತು ಪಟ್ಟು ತೆಳ್ಳಗಾಗುವುದು. ತಣ್ಣಗಿರುವಾಗಿನ ಅಂಕಿಯು ಎಂಜಿನಿನ ಗುಣವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಎಣ್ಣೆಯ ಗುಣವನ್ನೂ, ಮಿತಿಮೀರಿದ ಒತ್ತಡವನ್ನು ಹಿಂದಕ್ಕೆ ಬಿಡುವ ಕವಾಟದ ಸ್ಪ್ರಿಂಗಿನ ಬಿಗಿಯನ್ನೂ ಹೇಳುತ್ತದೆ. ಎಂಜಿನಿನ ಮಾತನ್ನು ಕೇಳಬೇಕಾದರೆ ಬಿಸಿಯಲ್ಲಿಯೇ ಕೇಳಬೇಕು. ಆಯಾ ಎಂಜಿನು ಮಾಡಿದವರ ಪುಸ್ತಕದಲ್ಲಿ ಕೊಟ್ಟ ಅಂಕಿಯೇ ಮೊದಲ ಪ್ರಮಾಣ. ಪುಸ್ತಕ ಸಿಕ್ಕದವರಿಗೆ ಹಳೆಯ ಮೇಸ್ತ್ರಿಗಳ ಒಂದು ರೂಢಿಯ ಲೆಕ್ಕವುಂಟು: ಬಿಸಿ ಎಂಜಿನಿನಲ್ಲಿ ಮಿನಿಟಿಗೆ ಸಾವಿರ ಸುತ್ತಿಗೆ ಹತ್ತು ಪೌಂಡು. ಮೂರು ಸಾವಿರ ಸುತ್ತಿಗೆ ಮೂವತ್ತು. ನಿಂತಲ್ಲಿ ಎಂಟುನೂರು ಸುತ್ತಿಗೆ ಎಂಟು ಇದ್ದರೂ ಕೊರತೆಯೇನೂ ಇಲ್ಲ. ಹೊಸದಾಗಿ ಕಟ್ಟಿದ್ದರಲ್ಲಿ ಇದಕ್ಕಿಂತ ಸಾಕಷ್ಟು ಹೆಚ್ಚು ಇರುವುದು ವಾಡಿಕೆ. ಆದರೆ ಒಂದು ದಿನದ ಅಂಕಿಯಿಂದ ಏನನ್ನೂ ನಿಶ್ಚಯಿಸಬಾರದು. ಅದು ನಿಂತಿದೆಯೋ, ಇಳಿಯುತ್ತಿದೆಯೋ ಎಂಬುದನ್ನು ನೋಡಬೇಕು.

ನಮ್ಮದು ಇಳಿಯತೊಡಗಿತು. ಎರಡನೆಯ ವಾರದಲ್ಲಿ ನಿಂತಾಗಿನ ಅಂಕಿ 16, ಆಮೇಲೆ 14, ಒಂದು ಸಂಜೆ 12. ಓಡುವಾಗಿನದೂ 46ರಿಂದ 33ಕ್ಕೆ ಬಂದಿದ್ದಿತು. ರೂಢಿಯ ಲೆಕ್ಕದಂತೆ ಇನ್ನೂ ಭಯವಿಲ್ಲ. ಆದರೆ ಇಳಿಯುತ್ತಲೇ ಇರುವ ಅಂಕಿಯನ್ನು ಕಂಡು ನನ್ನ ಎದೆಯೂ ಇಳಿಯಿತು. ದೇವಿಮನೆಯ ಏರಿನ ಆ ಶಬ್ದವು ಕಿವಿಯಲ್ಲಿ ಮತ್ತೆ ಕೇಳಿಸಿತು. ಮದುವೆಗೆ ಹನ್ನೊಂದು ದಿನವಿದ್ದಿತು.

"ಚಿಕ್ಕಪ್ಪ, ಪೇಟೆಯಲ್ಲಿ ಒಬ್ಬರನ್ನು ಕೇಳಿದೆ. ಕವಾಟದ ಸ್ಪ್ರಿಂಗಿನ ಅಡಿಗೆ ಒಂದು ವಾಶರ್ ಹಾಕಿದರೆ ಒತ್ತಡ ಏರುತ್ತದಂತೆ. ಐದು ನಿಮಿಷದ ಕೆಲಸ" ಎಂದು ಅಣ್ಣನ ಮಗನು ಹೇಳಿದನು.

"ತಮ್ಮಾ, ಆ ಕವಾಟ ತೆರೆಯುವುದು ಒತ್ತಡ ಹೆಚ್ಚಾದಾಗ. ಹನ್ನೆರಡು ಪೌಂಡಿನಲ್ಲಿ ಅದು ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿದರೆ ಒಳಗಿನ ಜನ ಹೆಚ್ಚಾಗುತ್ತಾರೆಯೆ?" ಎಂದೆನು. ಸ್ಪ್ರಿಂಗು ಬಿಗಿಯಾದರೆ ಏರುವುದು ಮುಂಜಾನೆಯ 62 ಮಾತ್ರ. ಅದರಿಂದ ಫಿಲ್ಟರಿನ ಸೀಲಿಗೂ ಪಂಪಿಗೂ ಹೊರೆ.

ಹೀಗೆ ಹೇಳಿದೆನೆಂದು ನನಗೆ ಕಾರಣ ತಿಳಿದಿದ್ದಿತೆಂದಲ್ಲ. ಮತ್ತೆ ಬಿಚ್ಚಿಸುವುದೇ ಗತಿಯೆಂದು ನಾವಿಬ್ಬರೂ ಜಗಲಿಯಲ್ಲಿ ಮುಖ ಇಳಿಬಿಟ್ಟು ಕುಳಿತಿರುವಾಗ ಅತ್ತಿಗೆಯವರು ಎಣ್ಣೆಯ ಮಟ್ಟವನ್ನು ಅಳೆಯುವ ಕಡ್ಡಿಯನ್ನು ಹಿಡಿದುಕೊಂಡೇ ಬಂದರು. ದಿನವೂ ಅಂಕಿಯನ್ನು ಬರೆಯುವಾಗ ಅವರು ಆ ಕಡ್ಡಿಯನ್ನೂ ಎಳೆದು ನೋಡುತ್ತಿದ್ದರು, ನಾವು ಹೇಳಿದ್ದಲ್ಲ.

"ಇದೇನು, ಎಣ್ಣೆ ದಿನಾ ಮೇಲೆ ಬರುತ್ತಿದೆ? ಉರಿದು ಕಡಿಮೆಯಾಗುವುದನ್ನು ಕಂಡಿದ್ದೇನೆ, ಇದು ಹೆಚ್ಚುವುದೆಲ್ಲಿಂದ? ಮೂಸಿ ನೋಡಿ."

ಮೂಸಿದೆನು. ಪೆಟ್ರೋಲಿನ ವಾಸನೆಯು ಮೂಗಿಗೆ ಹೊಡೆಯಿತು.

ಚಳಿಯಲ್ಲಿ ಹೊತ್ತಿಸಲೆಂದು ಎಳೆಯುವ ಚೋಕಿನ ತಂತಿಯು ಹಳೆಯದಾಗಿ, ಗುಬುಟನ್ನು ಒಳಕ್ಕೆ ತಳ್ಳಿದರೂ ಪೂರ್ತಿಯಾಗಿ ಹಿಂದಕ್ಕೆ ಸರಿಯುತ್ತಿರಲಿಲ್ಲ. ಎಂಜಿನಿಗೆ ದಿನವಿಡೀ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲು ಹೋಗುತ್ತಿದ್ದಿತು. ಹೊಸ ರಿಂಗುಗಳು ಇನ್ನೂ ಗೋಡೆಗೆ ಕೂಡಿಕೊಂಡಿರಲಿಲ್ಲ. ಉರಿಯದೆ ಉಳಿದುದು ಅವುಗಳ ಪಕ್ಕದಿಂದ ಜಾರಿ ಚೇಂಬರಿಗೆ ಇಳಿದು ಎಣ್ಣೆಯನ್ನು ನೀರಾಗಿಸುತ್ತಿದ್ದಿತು. ನಾವಾದರೂ ಎಂಜಿನಿನ ಮೇಲಿನ ಮಮತೆಯಿಂದ ಅದನ್ನು ಊರೊಳಗೆ ಸ್ವಲ್ಪ ಸ್ವಲ್ಪವೇ ಓಡಿಸುತ್ತಿದ್ದೆವು. ಬೆರೆತ ಪೆಟ್ರೋಲು ಆವಿಯಾಗಿ ಹೋಗುವಷ್ಟು ಬಿಸಿಯೂ ಎಷ್ಟೋ ದಿನ ಆಗಿರಲಾರದು. ಬೇರಿಂಗು ಸವೆದರೂ ಮುಳ್ಳು ಹೀಗೆಯೇ ಇಳಿಯುತ್ತದೆ. ಎಣ್ಣೆ ತೆಳುವಾದರೂ ಹೀಗೆಯೇ. ಎರಡನ್ನೂ ಬೇರ್ಪಡಿಸಿ ತೋರಿಸುವ ಶಕ್ತಿ ಮೀಟರಿಗಿಲ್ಲ. ನಾಲ್ಕು ದಶಕಗಳಿಂದ ಕೊಬ್ಬರಿ ಎಣ್ಣೆಯ ಭರಣಿಯ ಮಟ್ಟವನ್ನು ನೋಡುತ್ತ ಬಂದ ಕಣ್ಣಿಗೆ ಅದಿದ್ದಿತು.

ತಂತಿಯನ್ನು ಬದಲಿಸಿ, ಎಣ್ಣೆಯನ್ನೂ ಫಿಲ್ಟರನ್ನೂ ಹೊಸದು ಮಾಡಿದೆವು. ತೆಗೆದ ಫಿಲ್ಟರನ್ನು ಕೊಯ್ದು, ಅದರ ಕಾಗದವನ್ನು ಬಿಸಿಲಿಗೆ ಬಿಡಿಸಿ ನೋಡಿದೆವು. ಕೆಲವು ಕಬ್ಬಿಣದ ಧೂಳಿನ ಕಣಗಳು ಅಯಸ್ಕಾಂತಕ್ಕೆ ಹತ್ತಿದವು. ಹೊಸ ರಿಂಗು ತಿಕ್ಕಿದಾಗ ಅಷ್ಟು ಬರುವುದು ಸಹಜ. ಅಯಸ್ಕಾಂತಕ್ಕೆ ಹತ್ತದ ಬೆಳ್ಳಿಯ ಬಣ್ಣದ ಇಲ್ಲವೆ ತಾಮ್ರದ ಬಣ್ಣದ ಚೂರುಗಳಿದ್ದರೆ ಅದು ಬೇರಿಂಗಿನ ಮಾಂಸ. ಅಂಥದು ಒಂದೂ ಇರಲಿಲ್ಲ. ಕಡ್ಡಿಯ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಸೇರಿದುದು ಪೆಟ್ರೋಲಲ್ಲ, ನೀರು. ಆಗ ಎಂಜಿನನ್ನು ಓಡಿಸಲೇಬಾರದು.

ಇನ್ನು ಯಲ್ಲಾಪುರದ ಮಹಾಶಯರಿಗೆ ಎರಡು ಮಾತು. ನಿಂತಾಗ ಮುಳ್ಳು ತೀರ ಕೆಳಗಿದ್ದರೆ ಮೊದಲು ಎಂಜಿನಿನ ನಿಂತಾಗಿನ ವೇಗವನ್ನು ನೋಡಿಸಿರಿ; ಐನೂರು ಸುತ್ತಿಗೆ ಇಳಿಸಿಟ್ಟು ಒತ್ತಡವಿಲ್ಲವೆಂದು ಅಳುವವರುಂಟು. ಅರಬೈಲಿನಂಥ ಘಟ್ಟದ ತಿರುವಿನಲ್ಲಿ ಮಾತ್ರ ಮುಳ್ಳು ತಟಕ್ಕನೆ ಬಿದ್ದು ಮತ್ತೆ ಏಳುತ್ತಿದ್ದರೆ, ಎಣ್ಣೆ ಕಡಿಮೆಯಾಗಿ ಪಂಪು ಗಾಳಿಯನ್ನು ಹೀರುತ್ತಿದೆ ಎಂದು ತಿಳಿಯಿರಿ. ಮುಳ್ಳು ಬೀಳುವುದರೊಡನೆ ಬಡಿತದ ಶಬ್ದವೂ ಕೇಳಿದರೆ ಮನೆಗೆ ಮುಟ್ಟಿಸುವ ಆಸೆಯನ್ನು ಬಿಟ್ಟು ಅಲ್ಲಿಯೇ ನಿಲ್ಲಿಸಿರಿ. ಎಳೆಸಿಕೊಂಡು ಬರುವ ಖರ್ಚು ಶಾಫ್ಟಿನ ಖರ್ಚಿಗಿಂತ ಬಹಳ ಕಡಿಮೆ. ಆ ಎರಡೂ ಚೀಟಿಗಳು ನನ್ನ ಪೆಟ್ಟಿಗೆಯಲ್ಲಿವೆ.

ಮದುವೆಗೆ ಗಾಡಿಯಲ್ಲಿಯೇ ಹೋದೆವು. ಇಳಿಯುವಾಗ ಯಾರಿಗೂ ಭಯವಾಗಲಿಲ್ಲ. ಮರುದಿನ ಹಿಂದಿರುಗುವಾಗ ದೇವಿಮನೆಯ ಏರು ಹತ್ತಿದೊಡನೆ ಗಾಡಿಯೊಳಗೆ ಮಾತು ನಿಂತುಹೋಯಿತು. 1999ರಲ್ಲಿ ನಿಂತಿದ್ದ ತಿರುವನ್ನು ನಾನು ಯಾರಿಗೂ ತೋರಿಸಲಿಲ್ಲ. ಅತ್ತಿಗೆಯವರು ಮಾತ್ರ ಅದು ಬಂದಾಗ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಘಟ್ಟದ ಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನನ್ನು ಆರಿಸದೆ, ಅಣ್ಣನ ಮಗನು ಮುಳ್ಳನ್ನು ಓದಿ ಹೇಳಿದನು. ಅತ್ತಿಗೆಯವರು ಚೀಲದಿಂದ ಲೆಕ್ಕದ ಪುಸ್ತಕವನ್ನು ತೆಗೆದು ಬರೆದುಕೊಂಡರು: ಏರುವಾಗ 44, ನಿಂತಾಗ 17.

ಯಲ್ಲಾಪುರದವರು ಮುಂದಿನ ಪತ್ರದಲ್ಲಿ ಒಂದು ವಾರದ ಮೂರು ಮೂರು ಅಂಕಿಗಳನ್ನೂ, ಕಡ್ಡಿಯ ವಾಸನೆಯನ್ನೂ ತಿಳಿಸಲಿ. ವಾಸನೆಯನ್ನು ಮನೆಯವರಿಂದ ಬರೆಯಿಸಿದರೆ ಒಳ್ಳೆಯದು.